ಊರು ಕೇರಿ ಇಲ್ಲದ ಪ್ಲಗಿನ್

ಇನ್‌ಬಿಲ್ಟ್ ಎಂದರೆ ಏನು, ಪ್ಲಗಿನ್ ಎಂದರೆ ಏನು ಎಂದು ನನಗೆ ಕಡಿಮೆಯೆಂದರೂ ನಾಲ್ಕು ಜನ ವಿವರಿಸಿದ್ದಾರೆ. ನಾಲ್ವರೂ ಹೇಳುವಾಗ ನಾನು ಅರ್ಥವಾದವನ ಹಾಗೆ ತಲೆಯಾಡಿಸಿದ್ದೇನೆ. ಸರಕಾರಿ ಕೆಲಸದಲ್ಲಿ ಮೂವತ್ತು ವರ್ಷ ಕಳೆದವನಿಗೆ ತಲೆಯಾಡಿಸುವುದು ಉಸಿರಾಡಿದಷ್ಟೇ ಸುಲಭ. ಆಮೇಲೆ ಕೋಣೆಗೆ ಬಂದು ಕಂಪ್ಯೂಟರಿನ ಮುಂದೆ ಕುಳಿತರೆ ಕಣ್ಣು ಕಟ್ಟಿ ಕಾಡಿಗೆ ಬಿಟ್ಟಂತಾಗುತ್ತಿತ್ತು.

ನನಗೆ ತಿಳಿದ ಮಟ್ಟಿಗೆ ಸಂಗತಿ ಇಷ್ಟು. ಬ್ಲಾಗು ನಡೆಸುವ ತಂತ್ರಾಂಶದ ಜೊತೆಗೇ ಕೆಲವು ಸೌಲಭ್ಯಗಳು ಬರುತ್ತವೆ. ಬರೆಯುವ ಚೌಕ, ಪ್ರಕಟಿಸುವ ಗುಂಡಿ, ಕೆಳಗೆ ಓದುಗರು ಅಭಿಪ್ರಾಯ ಹಾಕುವ ಜಾಗ. ಇದು ಇನ್‌ಬಿಲ್ಟ್. ಅದರಲ್ಲಿ ಇಲ್ಲದ್ದನ್ನು ಬೇರೆ ಯಾರೋ ಮಾಡಿಟ್ಟಿರುತ್ತಾರೆ, ನಾವು ತಂದು ಸೇರಿಸಿಕೊಳ್ಳಬೇಕು. ಅದು ಪ್ಲಗಿನ್. ಇಲ್ಲಿಯವರೆಗೆ ತೊಂದರೆಯಿಲ್ಲ. ಆದರೆ ಇವತ್ತು ಪ್ಲಗಿನ್ ಆಗಿದ್ದದ್ದು ಮುಂದಿನ ವರ್ಷ ಇನ್‌ಬಿಲ್ಟ್ ಆಗಿಬಿಡುತ್ತದೆ. ಮೊದಲಿನಿಂದ ಇನ್‌ಬಿಲ್ಟ್ ಆಗಿದ್ದ ಬರೆಯುವ ಚೌಕವನ್ನು ಒಂದು ದಿನ ತೆಗೆದು, ತುಂಡು ತುಂಡಾಗಿ ಬರೆಯುವ ಹೊಸದೊಂದು ವ್ಯವಸ್ಥೆಯನ್ನು ತಂದಿಟ್ಟರು. ಹಳೆಯ ಚೌಕವೇ ಬೇಕು ಎಂದರೆ ಅದಕ್ಕೊಂದು ಪ್ಲಗಿನ್ ಹಾಕಿಕೊಳ್ಳಬೇಕಂತೆ. ನಾನು ಕಾನೂನು ವಿಭಾಗದವನು. ಒಂದು ಕಾಯಿದೆ ತನ್ನದೇ ಎರಡನೆಯ ಕಲಮನ್ನು ಹೊರಗೆ ಹಾಕಿ, ಬೇಕಾದರೆ ಅಂಗಡಿಯಿಂದ ತಂದುಕೋ ಎಂದದ್ದನ್ನು ನಾನು ಇದುವರೆಗೆ ಕಂಡಿಲ್ಲ.

ನಮ್ಮದು ಎರಡು ಊರಿನ ಸಂಸಾರ. ನನ್ನ ಕೆಲಸ ತಿರುವನಂತಪುರದಲ್ಲಿ, ಸರಕಾರದ ಆದೇಶಗಳನ್ನು ಕನ್ನಡಕ್ಕೆ ಇಳಿಸುವುದು. ಕಾಸರಗೋಡಿನ ಕನ್ನಡದವರಿಗೂ ಸರಕಾರ ಏನು ಹೇಳುತ್ತದೆಂದು ತಿಳಿಯಬೇಕಲ್ಲ, ಅದಕ್ಕೆ. ನಾನೂ ಆ ಕಡೆಯವನೇ. ಹೆಂಡತಿಯ ಕೆಲಸ ಕೊಚ್ಚಿಯಲ್ಲಿ, ಕೋರ್ಟಿನ ಕಚೇರಿಯಲ್ಲಿ. ಹಾಗಾಗಿ ಮನೆ ಕೊಚ್ಚಿಯ ಕಲೂರಿನಲ್ಲಿ, ನಾನು ಮಾತ್ರ ತಿರುವನಂತಪುರದ ಉಳ್ಳೂರಿನಲ್ಲಿ ಒಂದು ಮಾಳಿಗೆ ಕೋಣೆಯ ಬಾಡಿಗೆದಾರ. ಶುಕ್ರವಾರ ಸಂಜೆ ರೈಲು ಹತ್ತಿದರೆ ಸೋಮವಾರ ಬೆಳಿಗ್ಗೆ ಮತ್ತೆ ರೈಲು. ಮಗಳು ಬೆಳೆದದ್ದೆಲ್ಲ ಕಲೂರಿನಲ್ಲಿ, ಸೋಮವಾರದಿಂದ ಶುಕ್ರವಾರದವರೆಗೆ ನಾನಿಲ್ಲದ ಮನೆಯಲ್ಲಿ.

ಅವಳಿಗೆ ಕನ್ನಡ ಕೇಳಿದರೆ ಪೂರ್ತಿ ಅರ್ಥವಾಗುತ್ತದೆ. ನಾವಿಬ್ಬರು ಗುಟ್ಟಿನಲ್ಲಿ ಮಾತಾಡಿಕೊಂಡದ್ದೂ ಅರ್ಥವಾಗುತ್ತದೆ. ಉತ್ತರ ಮಾತ್ರ ಮಲಯಾಳದಲ್ಲಿ. ಅಕ್ಷರ ಕಲಿಸುತ್ತೇನೆಂದು ನಾನು ಎರಡು ಸಲ ಪಾಟಿ ತಂದಿದ್ದೆ. ಎರಡು ಸಲವೂ ಸೋಮವಾರ ಬಂದುಬಿಟ್ಟಿತು. ಹೀಗೆ ದಿನವಿಡೀ ಕನ್ನಡ ಬರೆದು ಸಂಬಳ ಪಡೆಯುವವನ ಮಗಳಿಗೆ ಕನ್ನಡ ಓದಲು ಬಾರದು. ಈ ವಿಷಯವನ್ನು ಊರಿನ ನೆಂಟರು ಯಾರಾದರೂ ಎತ್ತಿದರೆ ನಾನು ಎದ್ದು ನೀರು ಕುಡಿಯಲು ಹೋಗುತ್ತೇನೆ.

ಉಳ್ಳೂರಿನ ಸಂಜೆಗಳು ಉದ್ದ. ಹತ್ತಿರದ ಆಸ್ಪತ್ರೆಗೆ ಬಂದವರ ಜೊತೆ ಚಾಯದ ಅಂಗಡಿಯಲ್ಲಿ ಎಷ್ಟು ಹೊತ್ತು ಕೂರಲಾಗುತ್ತದೆ? ಬರೆಯತೊಡಗಿದೆ. ಅಮ್ಮ ಹೇಳುತ್ತಿದ್ದ ಮಾತುಗಳು, ಕಚೇರಿಯ ಪ್ರಸಂಗಗಳು, ರೈಲಿನಲ್ಲಿ ಎದುರು ಕೂತವರ ಸಂಸಾರ. ಅದನ್ನೆಲ್ಲ ಬ್ಲಾಗಿಗೆ ಹಾಕಿಕೊಟ್ಟವರು ನಮ್ಮ ಕನ್ನಡ ಸಂಘದಲ್ಲಿ ಪರಿಚಯವಾದ ಒಬ್ಬ ಹೆಣ್ಣುಮಗಳು. ಮೈಸೂರಿನ ಕಡೆಯವರು. ಗಂಡ ಬಾಹ್ಯಾಕಾಶದ ಕೆಲಸದಲ್ಲಿದ್ದ ವಿಜ್ಞಾನಿ, ಇವರು ಮನೆಯಲ್ಲೇ ಕುಳಿತು ತಂತ್ರಾಂಶ ಬರೆಯುವವರು. ನನಗಿಂತ ಇಪ್ಪತ್ತು ವರ್ಷ ಚಿಕ್ಕವರು, ನನಗಿಂತ ಇಪ್ಪತ್ತು ಪಟ್ಟು ಧೈರ್ಯದವರು.

"ಸರ್, ನೀವ್ ಸುಮ್ನೆ ಬರೀತಾ ಹೋಗಿ. ಮಿಕ್ಕಿದ್ದೆಲ್ಲ ನಾನ್ ನೋಡ್ಕೋತೀನಿ," ಎಂದರು.

ನೋಡಿಕೊಂಡರು ಕೂಡ. ಕಸದ ಅಭಿಪ್ರಾಯಗಳನ್ನು ತಡೆಯಲು ಒಂದು ಪ್ಲಗಿನ್, ಚಿತ್ರ ಚಿಕ್ಕದು ಮಾಡಲು ಒಂದು, ಎಷ್ಟು ಜನ ಓದಿದರೆಂದು ಎಣಿಸಲು ಒಂದು, ಹಳೆಯ ಬರೆಯುವ ಚೌಕವನ್ನು ವಾಪಸು ತರಲು ಒಂದು. ಏನು ಕೇಳಿದರೂ ಅವರ ಉತ್ತರ ಒಂದೇ: "ಅದಕ್ಕೊಂದು ಪ್ಲಗಿನ್ ಇದೆ ಸರ್." ಒಂದು ದಿನ ನೋಡಿದರೆ ಬ್ಲಾಗಿನ ಬಲಮೂಲೆಯಲ್ಲಿ ಹೊಸದೊಂದು ಗುಂಡಿ ಕಂಡಿತು. ಅದರ ಮೇಲೆ ಮಲಯಾಳದ ಒಂದು ಅಕ್ಷರ. ಒತ್ತಿದರೆ ನನ್ನ ಇಡೀ ಬರಹ ಮಲಯಾಳ ಲಿಪಿಗೆ ತಿರುಗಿತು. ಅನುವಾದವಲ್ಲ. ಮಾತು ನನ್ನದೇ, ಕನ್ನಡವೇ. ಅಕ್ಷರ ಮಾತ್ರ ಬೇರೆ. ನಾನೇ ಇನ್ನೊಬ್ಬರ ಅಂಗಿ ಹಾಕಿಕೊಂಡು ಕನ್ನಡಿಯ ಮುಂದೆ ನಿಂತ ಹಾಗಾಯಿತು. ನಗು ಬಂತು.

"ಇದು ಯಾರಿಗೆ?" ಎಂದು ಕೇಳಿದೆ. "ಕನ್ನಡ ಗೊತ್ತಿದ್ದವರು ಕನ್ನಡದಲ್ಲೇ ಓದುತ್ತಾರೆ, ಗೊತ್ತಿಲ್ಲದವರಿಗೆ ಅಕ್ಷರ ಬದಲಾಯಿಸಿದರೂ ಗೊತ್ತಾಗುವುದಿಲ್ಲ."

"ಇರ್ಲಿ ಬಿಡಿ ಸರ್. ಯಾರಿಗಾದ್ರೂ ಬೇಕಾಗತ್ತೆ," ಎಂದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ. ಕೇರಳದಲ್ಲಿದ್ದೇವೆಂದು ಅಲಂಕಾರಕ್ಕೆ ಹಾಕಿರಬೇಕು ಎಂದುಕೊಂಡು ನಾನು ಅದನ್ನು ಮರೆತೆ.

ಆ ಹೊತ್ತಿಗೆ ಮಗಳಿಗೂ ನನಗೂ ಮಾತು ಹೆಚ್ಚುಕಡಿಮೆ ನಿಂತು ಕೆಲವು ತಿಂಗಳಾಗಿತ್ತು. ಅವಳು ಕಾನೂನು ಓದಿದವಳು. ಓದಿಸಿದವನು ನಾನು. ಒಬ್ಬ ಹಿರಿಯ ವಕೀಲರ ಬಳಿ ಒಂದು ವರ್ಷ ಕಡತ ಹೊತ್ತು, ಒಂದು ಶನಿವಾರ ಊಟಕ್ಕೆ ಕೂತಾಗ, ಇನ್ನು ಹೋಗುವುದಿಲ್ಲ ಎಂದಳು. ಕಲೂರಿನ ಹತ್ತಿರದ ಎಡಪ್ಪಳ್ಳಿಯ ಮಾಲ್‌ನಲ್ಲಿ ಒಂದು ಚಪ್ಪಲಿ ಅಂಗಡಿಯಲ್ಲಿ ಕೆಲಸ ಸಿಕ್ಕಿದೆ, ಒಪ್ಪಿಕೊಂಡಾಗಿದೆ ಎಂದಳು. ಕೋರ್ಟಿನ ಕೆಲಸ ತನಗೆ ಹಿಡಿಸುವುದಿಲ್ಲ, ಅಂಗಡಿಯಲ್ಲಿ ಜನರ ಜೊತೆ ಮಾತಾಡಲು ಖುಷಿಯಾಗುತ್ತದೆ ಎಂದಳು. ಅದನ್ನೂ ಹೇಳಿದ್ದಳು, ನಾನು ಕೇಳಿಸಿಕೊಳ್ಳಲಿಲ್ಲ. ಕಂಡವರ ಕಾಲಿನ ಅಳತೆ ತೆಗೆಯಲಿಕ್ಕೆ ಐದು ವರ್ಷ ಓದಬೇಕಿತ್ತಾ ಎಂದು ಕೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಅಂದಿನಿಂದ ನಮ್ಮಿಬ್ಬರ ನಡುವೆ ಉಳಿದದ್ದು ಊಟವಾಯಿತಾ, ಆಯಿತು, ರೈಲು ಎಷ್ಟು ಹೊತ್ತಿಗೆ, ಆರೂವರೆಗೆ, ಇಷ್ಟೇ.

ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನಾನು ಅದನ್ನು ಬ್ಲಾಗಿನಲ್ಲಿ ಬರೆದೆ. ನಮ್ಮ ಮನೆಯಲ್ಲಿ ಮೂರು ತಲೆಮಾರು ಕೋರ್ಟಿನ ಮೆಟ್ಟಿಲು ಹತ್ತಿತು, ನಾಲ್ಕನೆಯದು ಮೆಟ್ಟು ಮಾರುತ್ತಿದೆ ಎಂದು ಬರೆದೆ. ಬರೆದು ನಾನೇ ಮೆಚ್ಚಿಕೊಂಡೆ. ಕೆಳಗೆ ಓದುಗರು ನಗುವ ಮುಖಗಳನ್ನು ಹಾಕಿದರು. ಕೊನೆಯಲ್ಲಿ ಹೀಗೆ ಸೇರಿಸಿದ್ದೆ: ಪುಣ್ಯಕ್ಕೆ ಅವಳಿಗೆ ಇದನ್ನು ಓದಲು ಬಾರದು, ಹಾಗಾಗಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಆ ಧೈರ್ಯ ಆಮೇಲಿನ ಬರಹಗಳಲ್ಲೂ ಮುಂದುವರಿಯಿತು. ಬಾಯಿಬಿಟ್ಟು ಹೇಳಲಾಗದ್ದನ್ನೆಲ್ಲ, ಕಹಿಯಾದದ್ದನ್ನೂ ಸಿಹಿಯಾದದ್ದನ್ನೂ, ಅವಳಿಗೆ ತಿಳಿಯದ ಅಕ್ಷರಗಳ ಹಿಂದೆ ಕುಳಿತು ಹೇಳಿದೆ.

ಇದರ ನಡುವೆ ಕೆಲವು ವಿಚಿತ್ರಗಳು ನಡೆದವು. ಚಿಕ್ಕವನಿದ್ದಾಗ ತಳ ಹಿಡಿದ ಗಂಜಿಗಾಗಿ ತಂಗಿಯ ಜೊತೆ ಜಗಳವಾಡುತ್ತಿದ್ದೆ ಎಂದು ಒಮ್ಮೆ ಬರೆದಿದ್ದೆ. ಆ ವಾರ ಮನೆಗೆ ಹೋದಾಗ ಮಗಳು ಪಾತ್ರೆಯ ತಳ ಕೆರೆದು ಒಂದು ಬಟ್ಟಲಲ್ಲಿ ಹಾಕಿ ನನ್ನ ಮುಂದೆ ಇಟ್ಟು, ಮಾತಾಡದೆ ಹೋದಳು. ಇನ್ನೊಮ್ಮೆ, ಮೂವತ್ತು ವರ್ಷ ರೈಲಿನಲ್ಲಿ ಓಡಾಡಿದ ನನ್ನನ್ನು ಕರೆದೊಯ್ಯಲು ಯಾವ ಸ್ಟೇಷನ್ನಿಗೂ ಯಾರೂ ಬಂದದ್ದಿಲ್ಲ ಎಂದು ಬರೆದೆ. ಮುಂದಿನ ಶುಕ್ರವಾರ ಇಳಿದರೆ, ಪ್ಲಾಟ್‌ಫಾರಂ ಕೊನೆಯಲ್ಲಿ ಮಗಳು ಸ್ಕೂಟರಿನ ಕೀಲಿ ಹಿಡಿದು ನಿಂತಿದ್ದಳು. ಇಲ್ಲೇ ಪಕ್ಕದಲ್ಲಿ ಕೆಲಸವಿತ್ತು ಎಂದಳು. ಅದರ ಮುಂದಿನ ಶುಕ್ರವಾರವೂ ಪಕ್ಕದಲ್ಲಿ ಕೆಲಸವಿತ್ತು. ನನಗೆ ಗೊಂದಲ. ಹೆಂಡತಿ ಹೇಳಿ ಕಳಿಸಿರಬೇಕೆಂದು ಹೆಂಡತಿಯನ್ನು ಕೇಳಿದರೆ, ನಾನು ಹೇಳಿದ್ದರೆ ಅವಳು ಬರುತ್ತಲೇ ಇರಲಿಲ್ಲ ಎಂದಳು. ಅದೂ ನಿಜವೇ.

ಹೀಗಿರುವಾಗ ಮೈಸೂರಿನವರ ಗಂಡನಿಗೆ ಗುಜರಾತಿನ ಕಡೆಗೆ ವರ್ಗವಾಯಿತು. ಹೊರಡುವ ಮೊದಲು ಅವರು ನನಗೆ ಬ್ಲಾಗಿನ ಹಿಂಬಾಗಿಲನ್ನು ತೋರಿಸಿದರು. ಅಲ್ಲಿ ಪ್ಲಗಿನ್‌ಗಳ ಪಟ್ಟಿ. ಹದಿನೇಳು.

"ಸರ್, ಆಗಾಗ ಅಪ್‌ಡೇಟ್ ಅಂತ ಕೆಂಪಗೆ ಬರತ್ತೆ. ಒತ್ತಿದ್ರೆ ಸಾಕು," ಎಂದರು.

ಒತ್ತಿದೆ. ಮೂರು ತಿಂಗಳು ಒತ್ತುತ್ತಾ ಬಂದೆ. ನಾಲ್ಕನೆಯ ತಿಂಗಳು ಒತ್ತಿದ್ದಕ್ಕೆ ಬ್ಲಾಗು ಇಡೀ ಬೆಳ್ಳಗಾಯಿತು. ಒಂದು ಅಕ್ಷರವಿಲ್ಲ, ಒಂದು ಗೆರೆಯಿಲ್ಲ, ಬರೀ ಬಿಳಿ. ನನ್ನ ಮೂರು ವರ್ಷದ ಬರಹ ಎಲ್ಲಿ ಹೋಯಿತೆಂದು ಸಿಕ್ಕಸಿಕ್ಕ ಗುಂಡಿಗಳನ್ನೆಲ್ಲ ಒತ್ತಿ ನೋಡಿದೆ. ಕಚೇರಿಯ ಸಹೋದ್ಯೋಗಿಯೊಬ್ಬರು ಎಡಪ್ಪಳ್ಳಿಯಲ್ಲಿ ಇಂಥ ರಿಪೇರಿ ಮಾಡುವವರೊಬ್ಬರಿದ್ದಾರೆಂದು ವಿಳಾಸ ಕೊಟ್ಟರು. ಆ ಶನಿವಾರ ಬೆಳಿಗ್ಗೆ ಕಲೂರಿನಿಂದ ಮೆಟ್ರೋ ಹತ್ತಿ ಅಲ್ಲಿಗೆ ಹೋದೆ.

ಆ ಮನುಷ್ಯ ನನ್ನದೇ ವಯಸ್ಸಿನವರು. ನಾವು ಮಲಯಾಳದಲ್ಲಿ ಮಾತಾಡಿದೆವು. ಪಟ್ಟಿ ನೋಡಿ ಅವರು, ವೈದ್ಯರು ರೋಗಿಯ ಮಾತ್ರೆಗಳ ಚೀಲ ನೋಡಿದಂತೆ ನಿಟ್ಟುಸಿರು ಬಿಟ್ಟರು.

"ಸಾರೇ, ಇಷ್ಟೆಲ್ಲ ಯಾಕೆ? ಇದರಲ್ಲಿ ಅರ್ಧ ಈಗ ಇನ್‌ಬಿಲ್ಟ್ ಆಗಿಯೇ ಬರುತ್ತದೆ. ಓದುಗರು ಅಲ್ಲಿಯವರೆಗೆ ಬಂದ ಮೇಲೆಯೇ ಚಿತ್ರ ತೆರೆಯುವುದು ಬಂದಿದೆ. ಸರ್ಚಿಗೆ ಪುಟಗಳ ಪಟ್ಟಿ ಕೊಡುವುದು ಬಂದಿದೆ. ಒಂದೇ ಕೆಲಸಕ್ಕೆ ಎರಡೆರಡು ಆಳು ಇಟ್ಟರೆ ಜಗಳವಾಡದೆ ಇರುತ್ತಾವಾ?"

ಇದು ನನಗೆ ಚೆನ್ನಾಗಿ ಅರ್ಥವಾಯಿತು. ನಮ್ಮ ಕಚೇರಿಯಲ್ಲೂ ಹಾಗೆಯೇ. ಅವರು ಒಂದೊಂದರ ಮೇಲೆ ಬೆರಳಿಡುತ್ತಾ ಹೋದರು. ಒಂದರ ಹತ್ತಿರ ನಿಂತರು. ಅದರ ಪಕ್ಕದಲ್ಲಿ ಮಾಡಿದವರ ಹೆಸರಿಲ್ಲ, ವಿವರಣೆಯಿಲ್ಲ.

"ಇದಕ್ಕೆ ಊರು ಕೇರಿ ಇಲ್ಲ ಸಾರೇ. ಎಲ್ಲಿಂದ ಬಂತು ಇದು?"

"ಬಲಮೂಲೆಯಲ್ಲಿ ಒಂದು ಗುಂಡಿ. ಅಕ್ಷರ ಬದಲಾಯಿಸುತ್ತದೆ."

"ಯಾರಾದರೂ ಉಪಯೋಗಿಸುತ್ತಾರಾ?"

"ಯಾರೂ ಇಲ್ಲ," ಎಂದೆ. ಅಷ್ಟು ಖಡಾಖಂಡಿತವಾಗಿ ನಾನು ಯಾವ ಸರಕಾರಿ ಆದೇಶವನ್ನೂ ಅನುವಾದಿಸಿರಲಿಕ್ಕಿಲ್ಲ.

ಮೊದಲು ಬರೀ ನಿಲ್ಲಿಸಿ ಇಡಿ, ತೆಗೆದುಹಾಕುವುದನ್ನು ಆಮೇಲೆ ನೋಡುವ ಎಂದು ಅವರು ಹೇಳಿದ್ದು ನಿಜ. ತಪ್ಪು ಅವರದಲ್ಲ. ನಿಲ್ಲಿಸಿದ ಕಡತವನ್ನು ಕಪಾಟಿನಲ್ಲಿ ಇಟ್ಟುಕೊಳ್ಳುವುದು ನನ್ನ ಜಾಯಮಾನದಲ್ಲಿಲ್ಲ, ಮುಚ್ಚಿದರೆ ಮುಚ್ಚಿಬಿಡಬೇಕು. ಅವರು ಫೋನೆತ್ತಿಕೊಂಡು ಹೊರಗೆ ಹೋದಾಗ ನಾನೇ ಮೌಸು ಹಿಡಿದು ಹನ್ನೊಂದನ್ನು ಅಳಿಸಿದೆ. ಬ್ಲಾಗು ವಾಪಸು ಬಂತು. ಎಲ್ಲ ಬರಹಗಳೂ ಇದ್ದವು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಿದ್ದೇನೆಂದು ಆಗ ತಿಳಿಯಲಿಲ್ಲ. ಮೈ ಹಗುರವಾಯಿತು.

ಹಗುರವಾದ ಮೈಯಲ್ಲಿ ಹೊರಗೆ ಬಂದರೆ ಎದುರಿಗೇ ಮಾಲ್. ಕಾಲು ತಾನಾಗಿಯೇ ಒಳಗೆ ಹೋಯಿತು. ಮಗಳು ಕೆಲಸಕ್ಕೆ ಸೇರಿದ ಈ ಒಂದೂವರೆ ವರ್ಷದಲ್ಲಿ ನಾನು ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ. ಎರಡನೆಯ ಮಹಡಿಯಲ್ಲಿ ಅಂಗಡಿ. ಅದರ ಮುಂದೆ ಒಂದು ಜ್ಯೂಸಿನ ಕಟ್ಟೆ, ನಾನು ಅದರ ಮರೆಯಲ್ಲಿ ನಿಂತೆ. ಮಗಳು ಒಂದು ತಗ್ಗಿನ ಮಣೆಯ ಮೇಲೆ ಕುಳಿತಿದ್ದಳು. ಎದುರಿಗೆ ಕುರ್ಚಿಯಲ್ಲಿ ಒಬ್ಬ ಮುದುಕಿ. ಆಕೆಯ ಎರಡೂ ಕಾಲು ಬಾತುಕೊಂಡಿದ್ದವು, ಒಂದು ಪಾದಕ್ಕೆ ಪಟ್ಟಿ ಸುತ್ತಿತ್ತು. ಮಗಳು ಒಂದು ಜೊತೆ ಹಾಕಿಸಿ ನೋಡಿ, ತೆಗೆದು, ಇನ್ನೊಂದು ತಂದಳು. ಅದನ್ನೂ ತೆಗೆದಳು. ನಾಲ್ಕನೆಯದಕ್ಕೆ ಮುದುಕಿ ಎದ್ದು ನಿಂತು, ಮಗಳ ಭುಜ ಹಿಡಿದುಕೊಂಡು ಅಂಗಡಿಯ ಆ ತುದಿಯಿಂದ ಈ ತುದಿಯವರೆಗೆ ನಡೆದಳು. ಏನೋ ಹೇಳಿದಳು, ಮಗಳು ನಕ್ಕಳು. ಅವಳು ಹಾಗೆ ನಗುವುದನ್ನು ನಾನು ನೋಡಿ ಬಹಳ ಕಾಲವಾಗಿತ್ತು. ಒಳಗೆ ಹೋಗಲು ನನಗೆ ಧೈರ್ಯ ಬರಲಿಲ್ಲ. ಮನೆಗೆ ಬಂದು ಯಾರಿಗೂ ಹೇಳಲೂ ಇಲ್ಲ.

ಉಳ್ಳೂರಿಗೆ ಹೋಗಿ ಅದನ್ನು ಬರೆದೆ. ನೋಡಿದ್ದನ್ನು ನೋಡಿದ ಹಾಗೆ. ಮೂವತ್ತು ವರ್ಷದಲ್ಲಿ ನನ್ನ ಮೇಜಿಗೆ ಬಂದವರು ಯಾರೂ ಬಂದದ್ದಕ್ಕಿಂತ ಹಗುರವಾಗಿ ನಡೆದು ಹೋದದ್ದಿಲ್ಲ ಎಂದೂ ಬರೆದೆ. ಮಗಳಿಗೆ ಹೇಳಬೇಕಾದ ಒಂದು ವಾಕ್ಯವನ್ನೂ ಕೊನೆಯಲ್ಲಿ ಬರೆದೆ. ಕನ್ನಡದಲ್ಲಿ ಬರೆದೆ, ಅವಳಿಗೆ ಓದಲು ಬಾರದು ಎಂಬ ಅದೇ ಧೈರ್ಯದಲ್ಲಿ.

ಆ ಶುಕ್ರವಾರ ಸ್ಟೇಷನ್ನಿನಲ್ಲಿ ಯಾರೂ ಇರಲಿಲ್ಲ. ಅದರ ಮುಂದಿನ ಶುಕ್ರವಾರವೂ ಇರಲಿಲ್ಲ. ಮನೆಯಲ್ಲಿ ನಾನು ಬಂದ ಕೋಣೆಯಿಂದ ಅವಳು ಎದ್ದು ಹೋಗತೊಡಗಿದಳು. ಊಟವಾಯಿತಾ ಎಂಬುದೂ ನಿಂತಿತು. ನಾನು ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ನಾನು ಏನು ಮಾಡಿದೆ? ಈ ಸಲ ಬೈದಿಲ್ಲ, ಬದಲಿಗೆ ಮನಸ್ಸಿನಲ್ಲಿ ಅವಳ ಬಗ್ಗೆ ಒಳ್ಳೆಯದನ್ನೇ ಇಟ್ಟುಕೊಂಡು ಬಂದಿದ್ದೇನೆ. ಅದು ಮುಖದಲ್ಲಿ ಕಾಣಬೇಡವೇ? ಮಾಲ್‌ನಲ್ಲಿ ಮರೆಯಲ್ಲಿ ನಿಂತದ್ದನ್ನು ನೋಡಿಬಿಟ್ಟಳೇನೋ, ಪತ್ತೇದಾರಿಗೆ ಬಂದೆನೆಂದು ಸಿಟ್ಟಾದಳೇನೋ ಎಂದೆಲ್ಲ ಊಹಿಸಿದೆ.

ಎರಡು ತಿಂಗಳಾದ ಮೇಲೆ ಒಂದು ಶನಿವಾರ ಮಧ್ಯಾಹ್ನ ಊಟಕ್ಕೆ ಕುಳಿತಿದ್ದಾಗ ಅವಳೇ ಬಾಯಿಬಿಟ್ಟಳು.

"ಅಪ್ಪಾ, ಆ ಬಟನ್ ಎಡುತ್ತು ಕಳಞ್ಞು, ಅಲ್ಲೇ?" ಆ ಬಟನ್ ತೆಗೆದು ಹಾಕಿಬಿಟ್ಟಿರಿ, ಅಲ್ಲವಾ?

ಯಾವ ಬಟನ್ ಎಂದು ಒಂದು ಕ್ಷಣ ಹೊಳೆಯಲಿಲ್ಲ. ಬ್ಲಾಗಿನದು ಎಂದಳು. ಇವಳಿಗೆ ಬ್ಲಾಗಿನ ವಿಷಯ ಹೇಗೆ ಗೊತ್ತು ಎಂದು ಕೇಳಿಕೊಳ್ಳುವ ಮೊದಲೇ, ರಿಪೇರಿ ಮಾಡಿದವನ ಹೆಮ್ಮೆ ನನ್ನ ನಾಲಿಗೆಯ ಮೇಲೆ ಕುಳಿತಿತ್ತು.

"ಹೌದು, ತೆಗೆದೆ. ಬೇಡದ್ದೆಲ್ಲ ತೆಗೆದುಬಿಟ್ಟೆ. ಯಾರಿಗೂ ಉಪಯೋಗ ಇಲ್ಲದ್ದನ್ನು ಇಟ್ಟುಕೊಂಡು ಎಂತ ಮಾಡುವುದು?"

ಅವಳು ತಟ್ಟೆಯಲ್ಲೇ ಕೈ ತೊಳೆದು ಎದ್ದಳು. ಕೋಣೆಯ ಬಾಗಿಲು ಹಾಕಿಕೊಂಡಿತು. ಹೆಂಡತಿ ಅಡುಗೆಮನೆಯಿಂದ ಬಂದಳು.

"ಎಂತ ಹೇಳಿದಿರಿ ಅವಳ ಹತ್ರ?"

"ಎಂತದೂ ಇಲ್ಲ. ಪ್ಲಗಿನ್ ತೆಗೆದೆ ಅಂತ ಹೇಳಿದೆ."

"ಪ್ಲಗಿನ್ನಿಗೆ ಯಾರಾದ್ರೂ ಕಣ್ಣೀರು ಹಾಕ್ತಾರಾ?" ಎಂದಳು ಹೆಂಡತಿ. ಅವಳಿಗೂ ಏನೂ ಗೊತ್ತಿರಲಿಲ್ಲ.

ನಾನು ಬಾಲ್ಕನಿಗೆ ಹೋಗಿ ಮೈಸೂರಿನವರಿಗೆ ಫೋನು ಮಾಡಿದೆ. ಆ ಗುಂಡಿಯನ್ನು ಯಾಕೆ ಹಾಕಿದ್ದಿರಿ ಎಂದು ಕೇಳಿದೆ.

"ಅದು ನಿಮ್ ಮಗಳು ಕೇಳಿದ್ದು ಸರ್. ಅವತ್ತು ನಮ್ ಸಂಘದ ರಾಜ್ಯೋತ್ಸವಕ್ಕೆ ಬಂದಿದ್ರಲ್ಲ, ನನ್ ನಂಬರ್ ತಗೊಂಡಿದ್ರು. ಕನ್ನಡ ಕೇಳಿದ್ರೆ ಅರ್ಥ ಆಗತ್ತೆ, ಅಕ್ಷರ ಬರಲ್ಲ, ಅಪ್ಪ ಏನ್ ಬರೀತಾರೆ ಅಂತ ಓದ್ಬೇಕು ಅಂದ್ರು. ಅಂಥದ್ದು ರೆಡಿಯಾಗಿ ಸಿಕ್ಕಲಿಲ್ಲ. ಅದಕ್ಕೆ ನಾನೇ ಕೂತ್ಕೊಂಡು ಬರೆದೆ. ನಿಮಗ್ ಹೇಳ್ಬೇಡಿ ಅಂದಿದ್ರು ಸರ್."

ನಾನು ಫೋನು ಇಟ್ಟು ಅಲ್ಲೇ ಕುಳಿತೆ. ಗುಂಡಿ ಇದ್ದಷ್ಟು ಕಾಲ ಅವಳು ಎಲ್ಲವನ್ನೂ ಓದುತ್ತಾ ಬಂದಿದ್ದಾಳೆ. ಗಂಜಿಯ ತಳ ಓದಿದ್ದಾಳೆ. ಸ್ಟೇಷನ್ನು ಓದಿದ್ದಾಳೆ. ಹಾಗಾದರೆ ಮೆಟ್ಟಿಲು ಮೆಟ್ಟಿನ ಮಾತನ್ನೂ ಓದಿದ್ದಾಳೆ, ಅದರ ಕೆಳಗಿನ ನಗುವ ಮುಖಗಳನ್ನೂ ನೋಡಿದ್ದಾಳೆ. ಮೊಬೈಲಿನಲ್ಲಿ ಆ ಬರಹಗಳ ತಾರೀಕುಗಳನ್ನು ಒಂದೊಂದಾಗಿ ನೋಡಿದೆ. ಮೆಟ್ಟಿನ ಬರಹ ಮೊದಲಿನದು, ಸ್ಟೇಷನ್ನಿನದು ಅದಕ್ಕಿಂತ ಎಷ್ಟೋ ಆಮೇಲಿನದು. ಅದನ್ನು ಓದಿದ ಮೇಲೂ ಅವಳು ಸ್ಟೇಷನ್ನಿಗೆ ಬಂದಿದ್ದಳು. ನನಗೆ ನಾಚಿಕೆಯಾಯಿತು. ನಾಚಿಕೆ ಎಂಬ ಪದವನ್ನು ನಾನು ಎಷ್ಟೋ ಸಲ ಬರೆದಿದ್ದೇನೆ, ಅದರ ಅರ್ಥ ಆ ದಿನ ತಿಳಿಯಿತು.

ಹಾಗೆಯೇ ಇನ್ನೊಂದೂ ತಿಳಿಯಿತು. ಕೆಟ್ಟದ್ದನ್ನು ಅವಳು ಓದಿದಳು. ಒಳ್ಳೆಯದನ್ನು ಬರೆಯುವ ಎರಡು ದಿನ ಮೊದಲು ನಾನು ನನ್ನ ಕೈಯಾರೆ ಬಾಗಿಲು ಹಾಕಿದ್ದೆ.

ಗುಂಡಿಯನ್ನು ವಾಪಸು ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೆ. ಅಷ್ಟು ಸುಲಭವಾಗಿದ್ದರೆ ಪ್ಲಗಿನ್ ಎಂದು ಯಾಕೆ ಕರೆಯುತ್ತಿದ್ದರು? ಮೈಸೂರಿನವರು ಹಳೆಯ ಇಮೇಲುಗಳಲ್ಲಿ ಹುಡುಕಿ ಒಂದು ಪ್ರತಿ ಕಳಿಸಿದರು. ಮುಂದಿನ ಶನಿವಾರ ಅದನ್ನು ಹಿಡಿದುಕೊಂಡು ಎಡಪ್ಪಳ್ಳಿಗೆ ಓಡಿದೆ. ಹಾಕಿದ ಕೂಡಲೇ ಬ್ಲಾಗು ಮತ್ತೆ ಬಿಳಿಯಾಯಿತು, ತೆಗೆದ ಮೇಲೆ ವಾಪಸು ಬಂತು. ತಂತ್ರಾಂಶ ಮುಂದೆ ಹೋಗಿಬಿಟ್ಟಿದೆ ಸಾರೇ, ಇದು ಹಿಂದೆ ನಿಂತಿದೆ ಎಂದರು ಆ ಮನುಷ್ಯ. ಇದನ್ನು ಇನ್‌ಬಿಲ್ಟ್ ಆಗಿ ಕೊಡುವ ತಂತ್ರಾಂಶ ಯಾವುದಾದರೂ ಉಂಟಾ ಎಂದು ಕೇಳಿದೆ. ಅವರು ನನ್ನನ್ನು ಒಂದು ಗಳಿಗೆ ನೋಡಿದರು. ಕನ್ನಡ ಕೇಳಲು ಬಂದು ಓದಲು ಬಾರದವರು ಎಷ್ಟು ಜನ ಇದ್ದಾರೆ ಸಾರೇ ಎಂದು ಕೇಳಿದರು. ನನಗೆ ಗೊತ್ತಿದ್ದದ್ದು ಒಬ್ಬಳು.

ಹೊಸದಾಗಿ ಬರೆದು ಕೊಡುತ್ತೇನೆ, ಈಗ ಕೈತುಂಬ ಕೆಲಸವಿದೆ, ಸ್ವಲ್ಪ ಸಮಯ ಕೊಡಿ ಎಂದರು ಮೈಸೂರಿನವರು. ಕಾಯುವ ತಾಳ್ಮೆ ನನಗಿರಲಿಲ್ಲ. ನನಗೆ ಮಲಯಾಳ ಅಕ್ಷರ ಚೆನ್ನಾಗಿ ಬರುತ್ತದೆ. ಆ ಮಧ್ಯಾಹ್ನವೇ ಕುಳಿತು, ಮಾಲ್‌ನ ಬರಹವನ್ನು ನಾನೇ ಆ ಲಿಪಿಗೆ ಇಳಿಸತೊಡಗಿದೆ. ಅರ್ಧ ಪುಟವಾದಾಗ ನೋಡಿದರೆ ಮೂಲದಲ್ಲಿದ್ದ ವಾಕ್ಯಗಳು ಬದಲಾಗುತ್ತಿದ್ದವು. ಅವಳು ಓದುತ್ತಾಳೆಂದು ಗೊತ್ತಾದ ಕೂಡಲೇ ನನ್ನ ಕೈ ಮಾತನ್ನು ಒರೆಸಿ ನಯ ಮಾಡುತ್ತಿತ್ತು. ಹಳೆಯ ಮೆಟ್ಟಿನ ಬರಹವನ್ನು ಸದ್ದಿಲ್ಲದೆ ಅಳಿಸಿಬಿಟ್ಟರೇನು ಎಂಬ ಯೋಚನೆಯೂ ಬಂತು. ಅದು ದಾಖಲೆ ತಿದ್ದುವ ಕೆಲಸ. ನಿಜ ಹೇಳುತ್ತೇನೆ, ಬೆರಳು ಅಳಿಸುವ ಗುಂಡಿಯವರೆಗೆ ಹೋಗಿತ್ತು. ಹಿಂದಕ್ಕೆ ಎಳೆದುಕೊಂಡೆ, ಲಿಪಿಗೆ ಇಳಿಸುವುದನ್ನೂ ಅಲ್ಲಿಗೇ ಬಿಟ್ಟೆ.

ಭಾನುವಾರ ಬೆಳಿಗ್ಗೆ ತಿಂಡಿಯಾದ ಮೇಲೆ ಅವಳ ಕೋಣೆಯ ಬಾಗಿಲಲ್ಲಿ ನಿಂತು ಎಲ್ಲ ಹೇಳಿದೆ. ಬಿಳಿ ಪರದೆ, ಹದಿನೇಳು, ಹನ್ನೊಂದು, ಊರು ಕೇರಿ ಇಲ್ಲದ್ದು. ನೀನು ಓದುತ್ತೀ ಎಂದು ನನಗೆ ಗೊತ್ತಿರಲಿಲ್ಲ ಎಂದೆ. ಅವಳು ಹಾಸಿಗೆಯ ಮೇಲೆ ಕುಳಿತು ಬಟ್ಟೆ ಮಡಚುತ್ತಿದ್ದಳು. ನಾನು ಓದುವುದು ಗೊತ್ತಾಗಿ ಅಪ್ಪ ಬಾಗಿಲು ಹಾಕಿದರು ಎಂದುಕೊಂಡಿದ್ದೆ ಎಂದಳು, ಮಲಯಾಳದಲ್ಲಿ. ಗುಂಡಿ ಬರುವ ಮೊದಲು ತರ್ಜುಮೆ ಮಾಡುವ ಯಂತ್ರಕ್ಕೆ ಹಾಕಿ ನೋಡಿದ್ದಳಂತೆ. ಅದರಲ್ಲಿ ಅಪ್ಪ ಇರಲಿಲ್ಲ, ಯಾರೋ ವಾರ್ತೆ ಓದಿದ ಹಾಗಿತ್ತು ಎಂದಳು.

ಆಮೇಲೆ ಮಡಚುವುದನ್ನು ನಿಲ್ಲಿಸಿ ಕೇಳಿದಳು: ನಾನು ಓದುತ್ತೇನೆಂದು ಗೊತ್ತಿದ್ದರೆ ಆ ಚಪ್ಪಲಿಯದ್ದು ಬರೆಯುತ್ತಿರಲಿಲ್ಲ ಅಲ್ಲವಾ?

ಇಲ್ಲ ಎಂದರೆ ನಾನು ಬೆನ್ನ ಹಿಂದೆ ಆಡುವವನು. ಬರೆಯುತ್ತಿದ್ದೆ ಎಂದರೆ ಕಟುಕ. ಎರಡರಲ್ಲಿ ಯಾವುದು ನಾನು ಎಂದು ಇವತ್ತಿಗೂ ನನಗೆ ಖಚಿತವಿಲ್ಲ. "ಗೊತ್ತಿಲ್ಲ," ಎಂದೆ. ಅವಳು ಮತ್ತೆ ಬಟ್ಟೆಗೆ ಕೈ ಹಾಕಿದಳು.

ಬಾಗಿಲು ಹಾಕಿದ ಮೇಲೆ ಎಷ್ಟು ಬರೆದಿರಿ ಎಂದು ಕೇಳಿದಳು. ಒಂಬತ್ತು ಎಂದೆ. ಅದರಲ್ಲಿ ನನ್ನ ಬಗ್ಗೆ ಇದೆಯಾ ಎಂದಳು. ಒಂದರಲ್ಲಿ ಎಂದೆ.

"ವಾಯಿಕ್ಕ್," ಎಂದಳು. ಓದಿ.

ಇಷ್ಟು ದಿನ ನನಗೆ ಇದು ಹೊಳೆದಿರಲಿಲ್ಲ. ಕೇಳಿದರೆ ಅವಳಿಗೆ ಅರ್ಥವಾಗುತ್ತದೆ. ಓದಿ ಹೇಳಲು ನನಗೆ ಬಾಯಿಯಿದೆ. ಇದಕ್ಕೆ ಎರಡು ಊರು, ಇಬ್ಬರು ತಂತ್ರಜ್ಞರ ಮಾತು, ಅಷ್ಟು ಬಿಳಿ ಪರದೆ ಬೇಕಾಗಿತ್ತೇ? ಆದರೆ ಹೊಳೆಯದಿದ್ದದ್ದಕ್ಕೆ ಕಾರಣವೂ ಇತ್ತು. ಬರೆಯಲು ಇದ್ದ ಧೈರ್ಯ ಬಾಯಿಗೆ ಇರಲಿಲ್ಲ.

ಲ್ಯಾಪ್‌ಟಾಪು ತಂದು ಊಟದ ಮೇಜಿನ ಮೇಲೆ ಇಟ್ಟೆ. ಅವಳು ಎದುರಿಗೆ ಕುಳಿತಳು. ಅಡುಗೆಮನೆಯಲ್ಲಿ ಹೆಂಡತಿ ಮಿಕ್ಸಿ ನಿಲ್ಲಿಸಿದ್ದು ಕೇಳಿಸಿತು. ನಾನು ಶುರುಮಾಡಿದೆ. ಸರಕಾರಿ ಆದೇಶ ಓದುವ ದನಿಯೇ ಬಂತು. ಮೆಟ್ರೋ, ಎಡಪ್ಪಳ್ಳಿ, ಜ್ಯೂಸಿನ ಕಟ್ಟೆ. ಮುದುಕಿಯ ಕಾಲಿನ ಹತ್ತಿರ ಬಂದಾಗ ಮಗಳು ತಲೆಯೆತ್ತಿದಳು. ಆ ಅಮ್ಮಮ್ಮನಿಗೆ ಸಕ್ಕರೆ ಕಾಯಿಲೆ, ಈಗಲೂ ಬರುತ್ತಾರೆ ಎಂದಳು. ನಾನು ಮುಂದೆ ಓದಿದೆ. ಕೊನೆಯ ವಾಕ್ಯ ಬಂತು. ಕಣ್ಣನ್ನು ಪರದೆಯಿಂದ ಎತ್ತದೆ, ಒಂದೇ ಉಸಿರಿನಲ್ಲಿ ಅದನ್ನು ಓದಿ ಮುಗಿಸಿದೆ: ನನ್ನ ಮಗಳ ಕೆಲಸವನ್ನು ಹೀಯಾಳಿಸಿ ನಾಲ್ಕು ಜನರನ್ನು ನಗಿಸಿದೆ, ನನ್ನದು ತಪ್ಪು.

ಅವಳು, "ಒನ್ನೂಡೆ," ಎಂದಳು. ಇನ್ನೊಮ್ಮೆ.

"ಮೊದಲಿಂದಲಾ?" ಎಂದು ಪುಟವನ್ನು ಮೇಲಕ್ಕೆ ಸರಿಸಲು ಹೋದೆ.

ಅವಳು ಕೈ ಚಾಚಿ ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದಳು. ಅಲ್ಲ, ಆ ಒಂದು ವಾಕ್ಯ ಮಾತ್ರ ಎಂದಳು.

ಪರದೆಯಿಲ್ಲದೆ, ಅವಳ ಮುಖ ನೋಡಿಕೊಂಡು ಹೇಳಿದೆ.